ಗುಜರಿ ಅಂಗಡಿಯಲ್ಲಿ ಒಂದು ಗಳಿಗೆ

ಮನೆಯ ಅಟ್ಟದಿಂದ ಒಮ್ಮೆ ಕೆಳಗಿಳಿದ ಹಳೆಯ ಸಾಮಾನು ಮತ್ತೆ ಅಟ್ಟ ಏರುವುದು ಅಪರೂಪ. ಮದುವೆಯ ಗಡಿಬಿಡಿಗೋ ಗೋಡೆಗೆ ಸುಣ್ಣ ಬಳಿಯುವುದಕ್ಕೋ ಅದನ್ನು ಇಳಿಸುತ್ತೇವೆ. ಎರಡು ದಿನ ಅದು ಜಗಲಿಯ ಮೂಲೆಯಲ್ಲಿ ಕೂತಿರುತ್ತದೆ. ಮೂರನೆಯ ದಿನ ಗೋಣಿಚೀಲ, ತಕ್ಕಡಿ ಹಿಡಿದುಕೊಂಡು ಗುಜರಿಯಾತ ಅಂಗಳಕ್ಕೆ ಬರುತ್ತಾನೆ. ಮೊದಲು ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿದ ಪೆರಾಬೆಯಂಥ ಊರಿನಲ್ಲಿ ನೀವು ಹುಟ್ಟಿ ಬೆಳೆದವರಾದರೆ, ನಿಮ್ಮ ಮನೆಯ ತಾಮ್ರ ಹಿತ್ತಾಳೆಗಳೂ ಹೀಗೆಯೇ ಉಪ್ಪಿನಂಗಡಿಯ ಕಡೆಗೋ ಪುತ್ತೂರಿನ ಕಡೆಗೋ ಹೊರಟದ್ದನ್ನು ಕಂಡಿರುತ್ತೀರಿ.

ಆ ಸಾಮಾನು ಹೋಗಿ ಸೇರುವ ಅಂಗಡಿಯನ್ನು ನೀವು ಮರೆತಿರಲಾರಿರಿ. ಹಿಂದುಸ್ತಾನಿಯಲ್ಲಿ ‘ಗುಜರಿ’ ಎಂದರೆ ದಾರಿಯ ಬದಿಯಲ್ಲಿ ಹೊತ್ತು ಇಳಿದ ಮೇಲೆ ಕೂಡುವ ಸಂತೆ. ನಮ್ಮ ಜಿಲ್ಲೆಗೆ ಬರುವಾಗ ಆ ಮಾತು ಸಂತೆಯನ್ನು ಬಿಟ್ಟು ಹಳೆಯ ಸಾಮಾನನ್ನು ಹಿಡಿದುಕೊಂಡಿತು. ಹೊರಗೆ ತುಕ್ಕು ಹಿಡಿದ ಕಬ್ಬಿಣದ ರಾಶಿ. ಒಳಗೆ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಮೆಲ್ಲಮೆಲ್ಲನೆ ಕಾಣಿಸುವ ಇನ್ನೊಂದು ಲೋಕ. ಒಂದೊಂದು ಹೊತ್ತು ತೋರಿಸುವ ನಾಲ್ಕು ಗೋಡೆಗಡಿಯಾರಗಳು, ಒಂದು ಕಾಲು ಸೊಟ್ಟಗಾದ ಕಾಲುದೀಪ, ಗಾಜು ಒಡೆದ ಲಾಟೀನು, ಮುಚ್ಚಳವಿಲ್ಲದ ಉಪ್ಪಿನಕಾಯಿ ಭರಣಿ, ಹಿಡಿ ಸವೆದ ಅಡಕತ್ತರಿ, ಯಾರದೋ ಅಜ್ಜನ ಪಟ. ಶಾಲೆ ಬಿಟ್ಟು ಬರುವ ಹುಡುಗರಿಗೆ ಅದಕ್ಕಿಂತ ದೊಡ್ಡ ಪ್ರದರ್ಶನ ಬೇಕೆ? ದುಡ್ಡು ಕೊಡಬೇಕಾಗಿಲ್ಲ, ಮುಟ್ಟಿ ನೋಡಿದರೆ ಗದರಿಸುವವರೂ ಕಡಮೆ.

“ಇದೆಂಥದ್ದು ಮಾರಾಯ್ರೆ?” ಎಂದು ನೀವು ಕೇಳುತ್ತೀರಿ. “ಹಳೇದು” ಎನ್ನುವುದಷ್ಟೇ ಉತ್ತರ. ಅಂಗಡಿಯವರ ಲೆಕ್ಕದಲ್ಲಿ ಹಿತ್ತಾಳೆಗೆ ಒಂದು ದರ, ತಾಮ್ರಕ್ಕೆ ಒಂದು ದರ. ತಕ್ಕಡಿ ಏರಿದ ಕೂಡಲೆ ಬೋಗುಣಿಯೂ ಒಂದೇ, ದೇವರ ಮುಂದಿನ ಆರತಿಯೂ ಒಂದೇ. ಅಲ್ಲಿ ತನ್ನ ಕುಲಗೋತ್ರವನ್ನು ತಾನೇ ಹೇಳಿಕೊಳ್ಳುವ ಸಾಮಾನು ಒಂದುಂಟು: ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮೂರು ವರ್ಷಗಳ ಮೇಲೆ, ೧೮೬೮ರಲ್ಲಿ, ಆಲ್ಬುಕರ್ಕ್ ಕಂಪೆನಿಯೂ ಹುಟ್ಟಿತು. ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು, ಕೆಲವದರಲ್ಲಿ ಅದು ಹುಟ್ಟಿದ ವರ್ಷವೂ ಅಚ್ಚೊತ್ತಿರುತ್ತದೆ. ಅಂಗಡಿಯ ಉಳಿದ ಸಾಮಾನುಗಳಿಗೆ ಈ ಭಾಗ್ಯವಿಲ್ಲ. ಅವುಗಳ ಹೆಸರು ಮನೆಯವರ ಬಾಯಲ್ಲಿ ಉಳಿದುಬಿಟ್ಟಿದೆ. ಸಾಮಾನು ಮಾತ್ರ ಇಲ್ಲಿಗೆ ಬಂದಿದೆ.

ಒಂದು ಕಾಲಕ್ಕೆ ದಿನಬಳಕೆಯದಾಗಿದ್ದ ವಸ್ತು ಇದ್ದಕ್ಕಿದ್ದಂತೆ ‘ಹಳೇದು’ ಆಗುವುದು ಹೇಗೆ? ಬರಿಯ ಸವೆತದಿಂದ ಎಂದು ನಾವು ತಿಳಿಯುತ್ತೇವೆ. ನಿಜ ನೋಡಿದರೆ ಎಷ್ಟೋ ಸಾಮಾನುಗಳ ಬೆನ್ನ ಹಿಂದೆ ಒಂದು ಖಚಿತವಾದ ತಾರೀಕು ಇದೆ. ೧೯೫೭ರ ಏಪ್ರಿಲ್ ೧ರಂದು ನಮ್ಮ ದೇಶದಲ್ಲಿ ದಶಮಾನ ನಾಣ್ಯ ಬಂತು. ಅದುವರೆಗೆ ಒಂದು ರೂಪಾಯಿಗೆ ೧೬ ಆಣೆ, ೬೪ ಪೈಸೆ, ೧೯೨ ಪೈ. ಆ ದಿನದಿಂದ ರೂಪಾಯಿಗೆ ನೂರು ನಯಾ ಪೈಸೆ. ನಾಣ್ಯ ಹೋದರೂ ‘ನಾಲ್ಕಾಣೆ’, ‘ಎಂಟಾಣೆ’ ಎಂಬ ಮಾತು ಬಹಳ ಕಾಲ ಉಳಿಯಿತು. ೨೦೧೧ರಲ್ಲಿ ಇಪ್ಪತ್ತೈದು ಪೈಸೆಯ ಬಿಲ್ಲೆಯೇ ಚಲಾವಣೆಯಿಂದ ಹೋಯಿತು. ಹೀಗೆ ಕಾಲಕಾಲಕ್ಕೆ ಉಳಿದುಹೋದ ಬಿಲ್ಲೆಗಳು ಗುಜರಿಯವರ ತಗಡಿನ ಡಬ್ಬಿಯಲ್ಲಿ ಒಟ್ಟಿಗೆ ಗಲಗಲ ಎನ್ನುತ್ತವೆ.

ಇನ್ನು ಪಾವು, ಸೇರುಗಳನ್ನು ನೋಡಿ. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯಂತೆ ೧೯೫೮ರ ಅಕ್ಟೋಬರಿನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಂದು, ೧೯೬೨ರ ಹೊತ್ತಿಗೆ ಕಿಲೋ ಲೀಟರುಗಳು ಕಡ್ಡಾಯವಾದವು. ನಮ್ಮ ಕಡೆಯ ಅಕ್ಕಿಯ ಲೆಕ್ಕ ಬೇರೆಯೇ ಇತ್ತು. ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ಎಂದರೆ ಮುಡಿಗೆ ೪೨ ಸೇರು. ಅಕ್ಕಿಯನ್ನು ಬೈಹುಲ್ಲಿನೊಳಗೆ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು, ದುಂಡಗೆ ಕಟ್ಟಿಟ್ಟ ಮುಡಿಯಲ್ಲಿ ಒಂದು ಮಳೆಗಾಲ ಅಕ್ಕಿ ಕೆಡದೆ ಉಳಿಯುತ್ತಿತ್ತು. ಅದನ್ನು ಕಟ್ಟಲು ಬಲ್ಲ ಕೈಗಳಿಗೆ ಊರಿನಲ್ಲಿ ಮರ್ಯಾದೆ ಇತ್ತು.

ಮರದ ಆ ಕಳಸಿಗೆಯನ್ನು ಗುಜರಿ ಅಂಗಡಿಯಲ್ಲಿ ಕಂಡವರು “ಹೂಕುಂಡ ಇಡುವುದಕ್ಕೆ ಒಳ್ಳೆಯದು” ಎನ್ನುತ್ತಾರೆ. ಆದರೆ ಕಳಸಿಗೆ ಬರಿಯ ಅಳತೆಯ ಪಾತ್ರೆಯಾಗಿರಲಿಲ್ಲ. ಗೇಣಿಯನ್ನು ಮುಡಿಯ ಲೆಕ್ಕದಲ್ಲಿ ಗೊತ್ತುಮಾಡುತ್ತಿದ್ದ ಕಾಲದಲ್ಲಿ ಧಣಿಗಳ ಮನೆಯ ಅಂಗಳದಲ್ಲಿ ಅದು ಒಕ್ಕಲಿನ ವರ್ಷದ ದುಡಿಮೆಯನ್ನೇ ಅಳೆಯುತ್ತಿತ್ತು. ಒಬ್ಬರ ಮನೆಯ ಪತ್ತಾಯ ತುಂಬುವಾಗ ಇನ್ನೊಬ್ಬರ ಮನೆಯಲ್ಲಿ ಆಟಿಯ ತಿಂಗಳಿಗೆ ಎಷ್ಟು ಉಳಿದೀತು ಎಂಬ ಎಣಿಕೆ ನಡೆಯುತ್ತಿತ್ತು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಪದ್ಧತಿಯೇ ಹೋಯಿತು; ಉಳುವವರು ಒಡೆಯರಾದರು. ಕಳಸಿಗೆಗೂ ಪತ್ತಾಯಕ್ಕೂ ಕೆಲಸ ತಪ್ಪಿತು. ಕೆಲವರು ಅವನ್ನು ಕಣ್ಣೀರು ತುಂಬಿ ಮಾರಿದ್ದಾರು. ಕೆಲವರು ಪೀಡೆ ತೊಲಗಿತೆಂದು ಕೊಟ್ಟಿದ್ದಾರು. ಕೊಂಡ ಅಂಗಡಿಗೆ ಎರಡೂ ತಿಳಿಯದು. ಹಳೆಯ ವಸ್ತುವನ್ನು ಕಂಡು ಹಳೆಯ ಕಾಲವೆಲ್ಲ ಸುಖದ ಕಾಲವೆಂದು ನಾವು ನಿಟ್ಟುಸಿರು ಬಿಡುವ ಮೊದಲು, ಆ ವಸ್ತುವನ್ನು ಯಾರು ತುಂಬಿದರು, ಯಾರು ಬರಿದು ಮಾಡಿಕೊಂಡರು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮರದ ಪೆಟ್ಟಿಗೆಯ ರೇಡಿಯೊ ಕಡೆಗೂ ಒಮ್ಮೆ ತಿರುಗಿ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅದನ್ನು ಕೇಳಲು ಬೇಕಾದದ್ದು ಇಂಥದೇ ಪೆಟ್ಟಿಗೆ. ತಿರುಪು ತಿರುಗಿಸಿದ ಮೇಲೆ ಒಳಗಿನ ವಾಲ್ವುಗಳು ಕಾದು ಸ್ವರ ಹೊರಡುವವರೆಗೆ ಮನೆಮಂದಿಯೆಲ್ಲ ಕಾದು ಕೂರಬೇಕು. ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ೧೯೮೫ರ ಹೊತ್ತಿಗೆ ಆ ಪದ್ಧತಿ ಪೂರ್ತಿ ನಿಂತಿತು. ಪೆಟ್ಟಿಗೆಯೊಳಗೆ ಮಡಚಿಟ್ಟ ಲೈಸೆನ್ಸಿನ ಪುಸ್ತಕ ಸಿಕ್ಕಿದರೆ ಅದನ್ನು ಎಸೆಯಬೇಡಿ. ಹಂಚಿಗೆ ಅಚ್ಚು ಇದ್ದಂತೆ ಆ ಪೆಟ್ಟಿಗೆಗೆ ಅದೇ ಜಾತಕ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಒಂದು ಚಿಕ್ಕ ಮರದ ಹಲಗೆಯ ಕಡೆಗೆ. ಎರಡು ಸಾಲು, ಸಾಲಿಗೆ ಏಳು ಕುಳಿ, ಒಟ್ಟು ಹದಿನಾಲ್ಕು. ಪೇಟೆಯ ಮನೆಗಳಲ್ಲಿ ಅದನ್ನು ಗೋಡೆಗೆ ತೂಗುಹಾಕಿ, ಕಲೆಯ ವಸ್ತುವೆಂದು ತೋರಿಸುವವರಿದ್ದಾರೆ. ತುಳುನಾಡಿನವರಿಗೆ ಅದು ಚೆನ್ನೆಮಣೆ. ಹೊರಗೆ ಮಳೆ ಧೋ ಎಂದು ಸುರಿಯುವ ಆಟಿಯಲ್ಲಿ ಅಟ್ಟದಿಂದ ಇಳಿಯುತ್ತಿದ್ದ ಮಣೆ. ಕುಳಿಗೆ ನಾಲ್ಕರಂತೆ ಚೆನ್ನೆಕಾಯಿಯನ್ನೋ ಮಂಜೊಟ್ಟಿಯನ್ನೋ ಇಟ್ಟು, ಒಂದೊಂದಾಗಿ ಹಂಚುತ್ತ ಸಾಗುವ ಆಟ. ಐವತ್ತಾರು ಕಾಯಿಗಳ ಲೆಕ್ಕವನ್ನು ಅಕ್ಷರ ಬಾರದ ಅಜ್ಜಿಯೂ ಕಣ್ಣಲ್ಲೇ ಮಾಡಿಬಿಡುತ್ತಿದ್ದಳು.

ಆದರೆ ಒಡಹುಟ್ಟಿದ ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂದು ಹಿರಿಯರು ಹೇಳುತ್ತಿದ್ದರು. ಏಕೆಂದು ಕೇಳಿದರೆ ಕಥೆ ಹೊರಡುತ್ತದೆ. ಸಿರಿಯ ಪಾಡ್ದನದಲ್ಲಿ ಸಿರಿಯ ಮಗಳು ಸೊನ್ನೆ. ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ, ದಾರಗ. ಇಬ್ಬರೂ ಚೆನ್ನೆ ಆಡಲು ಕೂತರು. ಸೋಲುಗೆಲುವಿನ ಮಾತಿಗೆ ಮಾತು ಬೆಳೆಯಿತು. ಒಬ್ಬಳು ಅದೇ ಮಣೆಯನ್ನೆತ್ತಿ ಇನ್ನೊಬ್ಬಳಿಗೆ ಹೊಡೆದಳು. ಪೆಟ್ಟು ತಿಂದವಳು ಅಲ್ಲೇ ಸತ್ತಳು. ಹೊಡೆದವಳು ದುಃಖ ತಾಳಲಾರದೆ ಬಾವಿಗೆ ಹಾರಿದಳು. ಇಷ್ಟು ದೊಡ್ಡ ನೋವನ್ನು ಹೊತ್ತ ವಸ್ತು ಅದು. ಅಂಗಡಿಯಲ್ಲಿ ಅದರ ಪರಿಚಯ ‘ಕುಳಿ ಇರುವ ಹಲಗೆ’. ಹಲಗೆ ಉಳಿದಿದೆ, ಉಳಿಯಬೇಕಾದದ್ದು ಅದರ ಜೊತೆಗೆ ಬಂದಿಲ್ಲ.

ಹಾಗೆಂದು ಅಂಗಡಿಯವರನ್ನು ದೂರಬೇಕೆ? ಬೇಡ. ಅವರಿಲ್ಲದಿದ್ದರೆ ಈ ಸಾಮಾನು ಮೂಸೆಯಲ್ಲಿ ಕರಗುತ್ತಿತ್ತು, ಇಲ್ಲವೆ ಒಲೆಗೆ ಹೋಗುತ್ತಿತ್ತು. ಮೇಲಾಗಿ, ಗುಜರಿಯವರ ಕಣ್ಣಿಗೆ ‘ಹಳೇದು’ ಎನಿಸಿದ್ದನ್ನು ‘ನಮ್ಮದು’ ಎಂದು ಎತ್ತಿಕೊಂಡ ಹುಚ್ಚರೂ ನಮ್ಮ ಜಿಲ್ಲೆಗಳಲ್ಲಿ ಕಡಮೆಯಿಲ್ಲ. ಮಂಗಳೂರಿನ ಸೈಂಟ್ ಅಲೋಶಿಯಸ್ ಕಾಲೇಜಿನಲ್ಲಿ ಇಟಲಿಯ ಪಾದ್ರಿ ಕಿಯಾಪಿ ೧೯೧೩ರಲ್ಲೇ ಒಂದು ವಸ್ತುಸಂಗ್ರಹಾಲಯ ಆರಂಭಿಸಿದರು. ಬಿಜೈಯಲ್ಲಿ ಹಡಗಿನ ಆಕಾರದ ಮನೆ ಕಟ್ಟಿಸಿದ್ದ ಶಸ್ತ್ರವೈದ್ಯ ಕರ್ನಲ್ ಮಿರಜಕರ್ ಅವರು ಆ ಮನೆಯನ್ನೂ ದೇಶವಿದೇಶಗಳಿಂದ ಕೂಡಿಸಿದ ವಸ್ತುಗಳನ್ನೂ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಅವರ ತಾಯಿಯ ಹೆಸರಿನಲ್ಲಿ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯ ೧೯೬೦ರಲ್ಲಿ ಜನರಿಗೆ ತೆರೆಯಿತು. ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ‘ಮಂಜೂಷಾ’ ಇದೆ. ಬಿ. ಸಿ. ರೋಡಿನಲ್ಲಿ ತುಕಾರಾಮ ಪೂಜಾರಿಯವರು ತುಳುವರ ಬದುಕಿನ ಸಾಮಾನುಗಳನ್ನೇ ಕೂಡಿಸಿದ್ದಾರೆ. ಮಣಿಪಾಲದ ವಿಜಯನಾಥ ಶೆಣೈಯವರದು ಇನ್ನೂ ದೊಡ್ಡ ಹುಚ್ಚು. ಬ್ಯಾಂಕಿನ ನೌಕರಿಯಲ್ಲಿದ್ದ ಅವರು ಕೆಡವುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲುಗಳನ್ನು ತಂದು ‘ಹಸ್ತಶಿಲ್ಪ’ವೆಂಬ ಮನೆ ಕಟ್ಟಿದರು, ಆಮೇಲೆ ಮನೆಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಒಂದು ಊರನ್ನೇ ಮಾಡಿದರು. ಹಳೆಯ ಪೇಟೆಯ ಅಂಗಡಿಬೀದಿಯೂ ಅಲ್ಲಿ ಉಂಟು. ೨೦೧೭ರಲ್ಲಿ ಅವರು ತೀರಿಕೊಂಡರು.

ವಸ್ತುಗಳನ್ನು ಕೂಡಿಸಿದಂತೆ ಹೆಸರುಗಳನ್ನು ಕೂಡಿಸಿದವರನ್ನೂ ನೆನೆಯಬೇಕು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ, ೧೯೮೮ರಿಂದ ೧೯೯೭ರವರೆಗೆ ತುಳು ನಿಘಂಟಿನ ಆರು ಸಂಪುಟಗಳು ಹೊರಬಂದವು. ತುಳುವಿಗೆ ಹಳೆಯ ಗ್ರಂಥಗಳಿಲ್ಲವೆಂದು ಜನ ನಂಬಿದ್ದ ಕಾಲದಲ್ಲಿ ಪುಂಡೂರು ವೆಂಕಟರಾಜ ಪುಣಿಂಚತ್ತಾಯರು ತಾಳೆಗರಿಯ ಕಟ್ಟುಗಳಲ್ಲಿ ತುಳು ಕಾವ್ಯಗಳನ್ನು ಹುಡುಕಿ ತೆಗೆದರು. ಆ ಗರಿಗಳು ಒಲೆಗೋ ತಕ್ಕಡಿಗೋ ಹೋಗಿದ್ದರೆ ಒಂದು ಭಾಷೆಯ ಚರಿತ್ರೆಯೇ ಬೇರೆ ಬಗೆಯಲ್ಲಿ ಬರೆಯಲ್ಪಡುತ್ತಿತ್ತು. ಚೆನ್ನೆಮಣೆಯ ಕಥೆಗೂ ಹೀಗೆಯೇ ಒಂದು ಆಸರೆ ಸಿಕ್ಕಿತು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರೊಡನೆ ಸೇರಿ, ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿಯ ಕಥೆಯನ್ನು ೧೯೯೦ರಲ್ಲಿ ಧ್ವನಿಮುದ್ರಿಸಿಕೊಂಡರು. ೧೯೯೮ರಲ್ಲಿ ಅದು ಅಚ್ಚಾದಾಗ ಸಾಲುಗಳ ಸಂಖ್ಯೆ ೧೫,೬೮೩. ಒಬ್ಬ ರೈತನ ನೆನಪಿನಲ್ಲಿ ಇದ್ದ ಭಂಡಾರ ಅಷ್ಟು! ಅದನ್ನು ಇಡುವುದಕ್ಕೆ ಯಾವ ಅಂಗಡಿಯ ಕಪಾಟು ಸಾಕು?

ಒಂದು ಕಾಯಿದೆಯ ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ. ೧೯೭೨ರಲ್ಲಿ ಅಂಗೀಕಾರವಾಗಿ ೧೯೭೬ರಿಂದ ಜಾರಿಯಲ್ಲಿರುವ ಪ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ, ನೂರು ವರ್ಷ ದಾಟಿದ ಮೂರ್ತಿ, ಚಿತ್ರ, ಕುಶಲಕೆಲಸದ ವಸ್ತು ಮೊದಲಾದವು ಪ್ರಾಚ್ಯವಸ್ತುಗಳು. ಚಾರಿತ್ರಿಕ, ಸಾಹಿತ್ಯಿಕ ಬೆಲೆಯುಳ್ಳ ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷವಾದರೆ ಸಾಕು. ಇವುಗಳ ವ್ಯಾಪಾರಕ್ಕೆ ಲೈಸೆನ್ಸು ಬೇಕು. ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ದೈವದ ಹಳೆಯ ಮೊಗಮೂರ್ತಿಯನ್ನೋ ತಾಳೆಗರಿಯನ್ನೋ ಯಾರಾದರೂ ಒಳ್ಳೆಯ ಬೆಲೆ ಹೇಳಿ ಕೇಳಿಕೊಂಡು ಬಂದರೆ ಈ ಮಾತು ನಿಮ್ಮ ನೆನಪಿನಲ್ಲಿರಲಿ.

ಆದರೆ ಕಾಯಿದೆ ಕಾಯುವುದು ವಸ್ತುವನ್ನು ಮಾತ್ರ. ಅದರ ಹೆಸರನ್ನು ಕಾಯಬೇಕಾದವರು ನಾವು. ಈ ಸಲ ಅಟ್ಟವನ್ನು ಗುಡಿಸುವ ದಿನ, ಇಳಿಸಿದ ಸಾಮಾನನ್ನು ಮನೆಯ ಹಿರಿಯರ ಮುಂದೆ ಒಂದೊಂದಾಗಿ ಇಡಿ. “ಅಜ್ಜಿ, ಇದಕ್ಕೆ ಎಂಥ ಹೇಳುತ್ತಿದ್ದಿರಿ? ಎಲ್ಲಿಂದ ಬಂತು? ಯಾರು ಬಳಸಿದರು?” ಎಂದು ಕೇಳಿ. ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಸಾಮಾನಿಗೆ ಕಟ್ಟಿ. ಆಮೇಲೆ ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ಕೊಡಿ. ಗುಜರಿಯಾತ ತೂಕಕ್ಕೆ ತಕ್ಕ ದುಡ್ಡು ಕೊಟ್ಟಾನು. ಆ ಚೀಟಿಗೆ ತಕ್ಕಡಿಯಲ್ಲಿ ತೂಕವಿಲ್ಲ. ಆದರೆ ನಾಳೆ ಯಾವುದೋ ಅಂಗಡಿಯ ಮಬ್ಬುಗತ್ತಲೆಯಲ್ಲಿ ನಿಂತ ಹುಡುಗನೊಬ್ಬ “ಇದೆಂಥದ್ದು?” ಎಂದು ಕೇಳಿದಾಗ, “ಹಳೇದು” ಎಂಬುದಕ್ಕಿಂತ ಒಳ್ಳೆಯ ಉತ್ತರ ಅವನಿಗೆ ದೊರೆಯುವುದು ಅದರಿಂದಲೇ.