ಕೋವಿ ಹಿಡಿದವನು, ಪಂಪು ಹೊಡೆದವನು

ಆಯುಧಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ನಳಿಕೆಯ ತುದಿಯಿಂದ ಶುರುಮಾಡುತ್ತಾರೆ. ಗುಂಡು ಎಷ್ಟು ದೂರ ಹೋಯಿತು, ನಿಮಿಷಕ್ಕೆ ಎಷ್ಟು ಸಲ ಹಾರಿತು, ಯುದ್ಧ ಯಾರು ಗೆದ್ದರು ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆಗಳು. ಆದರೆ ಮೊದಲೇ ಗಾಳಿ ತುಂಬಿಟ್ಟುಕೊಂಡು ಹೊಡೆಯುವ ಏರ್‌ಗನ್ನಿನ ವಿಷಯದಲ್ಲಿ ಈ ಪ್ರಶ್ನೆಗಳು ಅರ್ಧ ಕಥೆಯನ್ನಷ್ಟೇ ಹೇಳುತ್ತವೆ. ಮದ್ದಿನ ಕೋವಿಯಲ್ಲಿ ಶಕ್ತಿ ಪುಡಿಯೊಳಗೇ ಅಡಗಿರುತ್ತದೆ, ಕಿಡಿ ತಗುಲಿದರೆ ಸಾಕು. ಗಾಳಿಕೋವಿಗೆ ಆ ಶಕ್ತಿಯನ್ನು ಯಾರಾದರೂ ಮುಂಚಿತವಾಗಿ ದುಡಿದು ತುಂಬಿರಬೇಕು. ಹಾಗಾಗಿ ಅದರ ಚರಿತ್ರೆಯನ್ನು ಪಂಪಿನ ಕಡೆಯಿಂದ ಓದಿನೋಡಬೇಕು.

1779ರ ಸುಮಾರಿಗೆ ತಿರೋಲ್ ಪ್ರಾಂತದ ಬಾರ್ತೊಲೊಮಿಯೊ ಗಿರಾರ್ದೋನಿ ಎಂಬ ಕುಶಲಕರ್ಮಿ ಒಂದು ವಿಚಿತ್ರ ಕೋವಿ ತಯಾರಿಸಿದ. ಭುಜಕ್ಕೆ ಆನಿಸುವ ಹಿಂಬದಿಯ ಭಾಗದಲ್ಲಿ ಮರದ ಬದಲು ಕಬ್ಬಿಣದ ತಗಡಿನ ಟೊಳ್ಳು ಬುರುಡೆಯಿತ್ತು. ಗಾಳಿ ತುಂಬುತ್ತಿದ್ದುದು ಅದರೊಳಗೆ. ನಳಿಕೆಯ ಪಕ್ಕದ ಕೊಳವೆಯಲ್ಲಿ ಇಪ್ಪತ್ತು ಗುಂಡುಗಳು. ಸಾಮಾನ್ಯ ಸೈನಿಕ ಪ್ರತಿ ಗುಂಡಿಗೂ ಮದ್ದು ಸುರಿದು, ಗಜದಿಂದ ಜಡಿದು, ನಿಮಿಷಕ್ಕೆ ಎರಡೋ ಮೂರೋ ಸಲ ಹೊಡೆಯುತ್ತಿದ್ದ ಕಾಲವದು. ಈ ಕೋವಿ ಹಿಡಿದವನು ಒಂದು ಅಡ್ಡಪಟ್ಟಿಯನ್ನು ಒತ್ತಿ ಬಿಟ್ಟರೆ ಮುಂದಿನ ಗುಂಡು ತಯಾರು. ಹೊಗೆಯಿಲ್ಲ, ಬೆಂಕಿಯಿಲ್ಲ, ಮಳೆಯಲ್ಲಿ ಮದ್ದು ನೆನೆಯುವ ಚಿಂತೆಯಿಲ್ಲ. ಚಕ್ರವರ್ತಿ ಎರಡನೆಯ ಜೋಸೆಫ್ ಇದನ್ನು ಆಸ್ಟ್ರಿಯಾದ ಸೈನ್ಯಕ್ಕೆ ತೆಗೆದುಕೊಂಡ.

ಇನ್ನು ಪಂಪಿನ ಕಥೆ. ಒಂದು ಬುರುಡೆ ತುಂಬಲು ಕೈಪಂಪಿನಿಂದ ಸುಮಾರು 1500 ಸಲ ಒತ್ತಬೇಕಿತ್ತು. ನಿಮಿಷಕ್ಕೆ ಮೂವತ್ತರಂತೆ ಒತ್ತಿದರೂ ಐವತ್ತು ನಿಮಿಷ. ಒಳಗಿನ ಒತ್ತಡ ಸುಮಾರು 55 ಬಾರ್ ಇರುತ್ತಿತ್ತು ಎಂದು ಅಂದಾಜು. ನಮ್ಮ ಕಾರಿನ ಟೈರಿನಲ್ಲಿರುವುದು ಎರಡು ಬಾರಿನ ಆಸುಪಾಸು. ಪಿಸ್ಟನ್ನಿನ ಮುಖ ಒಂದೇ ಚದರ ಸೆಂಟಿಮೀಟರ್ ಇದ್ದರೂ ಕೊನೆಯ ಒತ್ತುಗಳಲ್ಲಿ ಅದರ ಮೇಲೆ 55 ಕೆಜಿ ಭಾರ ಬೀಳಬೇಕು. ಅಂದರೆ ಒಬ್ಬ ಮನುಷ್ಯ ತನ್ನ ಇಡೀ ಮೈಭಾರವನ್ನು ಹಿಡಿಕೆಯ ಮೇಲೆ ಹಾಕಬೇಕು. ಪ್ರತಿ ಸೈನಿಕನ ಬಳಿ ತುಂಬಿದ ಬಿಡಿ ಬುರುಡೆಗಳಿರುತ್ತಿದ್ದವು, ಹಿಂದಿನಿಂದ ದೊಡ್ಡ ಪಂಪು ಹೊತ್ತ ಗಾಡಿ ಬರುತ್ತಿತ್ತು. ಮುಂದೆ ಒಬ್ಬ ಸದ್ದಿಲ್ಲದೆ ಗುಂಡು ಹಾರಿಸಬೇಕಾದರೆ ಹಿಂದೆ ಯಾರೋ ಏದುಸಿರು ಬಿಡಬೇಕಿತ್ತು.

ಈ ಕೋವಿ ಅಟ್ಲಾಂಟಿಕ್ ಸಾಗರವನ್ನೂ ದಾಟಿತು. 1803ರಲ್ಲಿ ಮೆರಿವೆದರ್ ಲೂಯಿಸ್ ಅಮೆರಿಕದ ಪಶ್ಚಿಮ ಕರಾವಳಿಯತ್ತ ಹೊರಟಾಗ ಅವನ ಸಾಮಾನುಗಳಲ್ಲಿ ಒಂದು ಏರ್‌ಗನ್ ಇತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವನನ್ನು ಭೇಟಿಯಾದ ಥಾಮಸ್ ರಾಡ್ನಿ, ಅದು ಒಮ್ಮೆ ತುಂಬಿದರೆ 22 ಸಲ ಹೊಡೆಯುತ್ತದೆಂದು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅದು ಗಿರಾರ್ದೋನಿ ಮಾದರಿಯದೆಂದು ಹಲವು ಸಂಶೋಧಕರು ವಾದಿಸುವುದು ಈ ಆಧಾರದಿಂದಲೇ. ದಾರಿಯಲ್ಲಿ ಸಿಕ್ಕ ಮೂಲನಿವಾಸಿ ಸಮುದಾಯಗಳ ಮುಂದೆ ಲೂಯಿಸ್ ಅದನ್ನು ಮತ್ತೆ ಮತ್ತೆ ಹಾರಿಸಿ ತೋರಿಸಿದ. 1805ರ ಆಗಸ್ಟಿನಲ್ಲಿ ಶೊಶೋನಿ ಜನ ಅದನ್ನು ದೊಡ್ಡ ಮಾಂತ್ರಿಕ ಶಕ್ತಿಯೆಂದು ಬಗೆದರೆಂದು ಬರೆದುಕೊಂಡ. ಮೂವತ್ತು ಚಿಲ್ಲರೆ ಜನರ ತಂಡಕ್ಕೆ ಆ ಬೆರಗೂ ಒಂದು ರಕ್ಷಣೆ. ಮದ್ದಿಲ್ಲದೆ ಹಾರುವ ಗುಂಡಿನ ಹಿಂದೆ ಮುಕ್ಕಾಲು ಗಂಟೆಗೂ ಮೀರಿದ ಕೂಲಿಕೆಲಸವಿದೆಯೆಂದು ನೋಡುಗರಿಗೆ ತಿಳಿದಿದ್ದರೆ ಆ ಮಾಂತ್ರಿಕತೆ ಎಷ್ಟು ಉಳಿಯುತ್ತಿತ್ತೋ!

ಆಸ್ಟ್ರಿಯಾದ ಸೈನ್ಯದಲ್ಲಿ ಮಾತ್ರ 1815ರ ನಂತರ ಈ ಕೋವಿ ಉಳಿಯಲಿಲ್ಲ. ಗುರಿ ತಪ್ಪುತ್ತಿತ್ತು ಎಂದಲ್ಲ. ಚರ್ಮದ ವಾಷರುಗಳು ಒಣಗಿದರೆ ಗಾಳಿ ಸೋರುತ್ತಿತ್ತು, ಬುರುಡೆಗೆ ಪೆಟ್ಟಾದರೆ ಕೆಲಸ ಮುಗಿಯಿತು, ರಿಪೇರಿಗೆ ನುರಿತ ಕೈ ಬೇಕಿತ್ತು. ಪಂಪು ಹಿಂದುಳಿದದ್ದರಿಂದ ಕೋವಿ ಸೋತಿತು.

ಪಂಪು ಹಿಂದುಳಿದದ್ದಕ್ಕೆ ಎರಡು ಕಾರಣ. ಮೊದಲನೆಯದು ಪಿಸ್ಟನ್ ತಳಮುಟ್ಟಿದಾಗಲೂ ಉಳಿಯುವ ಸಂದು. ಸಿಲಿಂಡರಿನ ಐವತ್ತನೆಯ ಒಂದು ಪಾಲಿನಷ್ಟು ಸಂದು ಉಳಿದರೂ ಆ ಪಂಪು ಸುಮಾರು ಐವತ್ತು ಪಟ್ಟಿಗಿಂತ ಹೆಚ್ಚು ಒತ್ತಲಾರದು. ಮುಂದೆ ಒತ್ತಿದ್ದೆಲ್ಲ ಆ ಸಂದಿನಲ್ಲೇ ಕುಗ್ಗಿ ಹಿಗ್ಗುತ್ತದೆ. ಎರಡನೆಯದು ಬಿಸಿ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಸುಡುವುದು ಗೊತ್ತು. ಹೊರಗಿನ ಗಾಳಿಯನ್ನು ಒಂದೇ ಏಟಿಗೆ 200 ಬಾರಿಗೆ ಒತ್ತಿದರೆ, ಬಿಸಿ ಹೊರಹೋಗಲು ದಾರಿಯಿಲ್ಲದಿದ್ದರೆ, ಲೆಕ್ಕದ ಪ್ರಕಾರ ಅದು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದನ್ನೇ ಮೂರು ಹಂತಗಳಲ್ಲಿ, ಪ್ರತಿ ಹಂತದ ನಡುವೆ ತಣಿಸಿ ಒತ್ತಿದರೆ 225 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ.

ಹಂತಹಂತವಾಗಿ ಒತ್ತುವ ಯಂತ್ರಗಳು ಬೆಳೆದದ್ದು ಏರ್‌ಗನ್ನಿಗಾಗಿ ಅಲ್ಲ. 1866ರಲ್ಲಿ ಅದೇ ಆಸ್ಟ್ರಿಯಾ ಸಾಮ್ರಾಜ್ಯದ ಫಿಯುಮೆ ಬಂದರಿನಲ್ಲಿ, ಅಂದರೆ ಇಂದಿನ ಕ್ರೊವೇಷಿಯಾದ ರಿಯೇಕಾದಲ್ಲಿ, ರಾಬರ್ಟ್ ವೈಟ್‌ಹೆಡ್ ಒತ್ತಿದ ಗಾಳಿಯಿಂದ ಓಡುವ ಟಾರ್ಪಿಡೊ ಮಾಡಿದ. ನೌಕಾಪಡೆಗಳಿಗೆ ಬಲವಾದ ಕಂಪ್ರೆಸರುಗಳು ಬೇಕಾದವು. 1943ರಲ್ಲಿ ಕೂಸ್ತೋ ಮತ್ತು ಗಾನ್ಯಾನ್ ಫ್ರಾನ್ಸಿನಲ್ಲಿ ಮುಳುಗುಗಾರರ ಉಸಿರಾಟದ ಸಲಕರಣೆ ರೂಪಿಸಿದ ಮೇಲೆ ಆ ಗಾಳಿ ಸಾಮಾನ್ಯರ ಸಿಲಿಂಡರಿಗೂ ಬಂತು. ಏರ್‌ಗನ್ ಮತ್ತೆ ತಲೆಯೆತ್ತಿದ್ದು ಆ ಸಿಲಿಂಡರಿನ ಬೆನ್ನೇರಿ. ಇಂದು ಹತ್ತು ಮೀಟರ್ ಸ್ಪರ್ಧೆಗಳಲ್ಲಿ ಕಾಣುವುದು ಸುಮಾರು 200 ಬಾರ್ ತುಂಬುವ ರೈಫಲ್ಲುಗಳೇ.

ಈ ಚರಿತ್ರೆ ತಿಳಿದವರಿಗೆ ಇಂದು ಕಂಪ್ರೆಸರ್ ಆರಿಸುವುದು ಕಷ್ಟವಲ್ಲ. ಹಳೆಯ ತೊಡಕುಗಳೇ ಇಂದಿನ ಪ್ರಶ್ನೆಗಳು. ತುಂಬಬೇಕಾದದ್ದು ಕೋವಿಯ ಪುಟ್ಟ ಬುರುಡೆಯೋ, ಏಳು ಲೀಟರಿನ ದೊಡ್ಡ ಸಿಲಿಂಡರೋ? ಮೊದಲನೆಯದಕ್ಕೆ ಕಾರಿನ ಬ್ಯಾಟರಿಯಿಂದ ಓಡುವ ಸಣ್ಣ ಯಂತ್ರ ಸಾಕು. ಎರಡನೆಯದಕ್ಕೆ ಹೊತ್ತುಗಟ್ಟಲೆ ಓಡಿದರೂ ಕಾಯದಂತೆ ನೀರೋ ಫ್ಯಾನೋ ತಣಿಸುವ, ಹೆಚ್ಚು ಹಂತಗಳ ಯಂತ್ರ ಬೇಕು. ಸಣ್ಣದನ್ನು ದೊಡ್ಡ ಕೆಲಸಕ್ಕೆ ಹೂಡಿದರೆ ಮೊದಲು ಸಾಯುವುದು ಅದರ ವಾಷರುಗಳು. ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಬೇಕು. ಬಿಸಿಯಾದ ಒತ್ತಡದ ಗಾಳಿಯಲ್ಲಿ ಎಣ್ಣೆಯ ಆವಿ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಳ್ಳಬಲ್ಲದು.

ಮೂರನೆಯದು ನೀರು. ಮಳೆಗಾಲದ ಮಂಗಳೂರಿನಂಥ ಊರಿನಲ್ಲಿ, 30 ಡಿಗ್ರಿಯ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಿರುತ್ತದೆ. ಏಳು ಲೀಟರ್ ಸಿಲಿಂಡರನ್ನು 300 ಬಾರಿಗೆ ತುಂಬಲು ಹೆಚ್ಚುಕಡಿಮೆ ಎರಡು ಘನ ಮೀಟರ್ ಗಾಳಿ ಬೇಕು. ತಡೆಯದಿದ್ದರೆ 50 ಗ್ರಾಂಗೂ ಹೆಚ್ಚು ನೀರು ಒಳಗಿಳಿದು ಉಕ್ಕನ್ನು ತುಕ್ಕು ಹಿಡಿಸುತ್ತದೆ. ಅದಕ್ಕೇ ನೀರು ಬೇರ್ಪಡಿಸುವ ಭಾಗ, ಆಚೆಗೊಂದು ಫಿಲ್ಟರ್, ಕೆಲವು ನಿಮಿಷಕ್ಕೊಮ್ಮೆ ತೆರೆದು ಹರಿಸುವ ವಾಲ್ವ್. ಒತ್ತಡ ಮಿತಿ ಮೀರಿದರೆ ತಾನೇ ಒಡೆದು ಗಾಳಿ ಬಿಡುವ ಸುರಕ್ಷತಾ ಬಿಲ್ಲೆಯಿಲ್ಲದ ಯಂತ್ರವನ್ನು ಮನೆಗೆ ತರಬಾರದು. ಪೈಪಿನಲ್ಲಿ ಉಳಿದ ಗಾಳಿಯನ್ನು ಹೊರಬಿಡದೆ ಅದನ್ನು ಕಳಚಬಾರದು. ಸಿಲಿಂಡರಿಗೂ ಆಯಸ್ಸಿದೆ, ಮೇಲೆ ಒತ್ತಿರುವ ತಾರೀಖು ನೋಡಿಯೇ ತುಂಬಬೇಕು.

ಗಿರಾರ್ದೋನಿಯ ಸೈನಿಕ ಮೈಭಾರ ಹಾಕಿ ಮಾಡಿದ್ದನ್ನು ಇಂದು ಮೋಟಾರು ಮಾಡುತ್ತದೆ. ದುಡಿಮೆ ಮಾಯವಾಗಿಲ್ಲ, ನಮ್ಮ ತೋಳಿನಿಂದ ವಿದ್ಯುತ್ ತಂತಿಗೆ ದಾಟಿದೆ, ಅಷ್ಟೆ. ಏರ್‌ಗನ್ ಕೊಳ್ಳುವವರು ಕೋವಿಯ ಬೆಲೆ ವಿಚಾರಿಸುವ ಮೊದಲು ಗಾಳಿ ತುಂಬುವುದು ಯಾರು, ಹೇಗೆ ಎಂದು ಕೇಳಿಕೊಳ್ಳಲಿ. ಒಂದು ಸಾಮ್ರಾಜ್ಯದ ಸೈನ್ಯ ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ತನ್ನ ಕಾಲದ ಅತ್ಯಂತ ಜಾಣ ಕೋವಿಯನ್ನು ಕೈಬಿಟ್ಟಿತು.