ಆಟದ ಕಾಳಗ, ಕೂಟದ ಬಲ

ಕಾಳಗವನ್ನು ಆಟವಾಗಿ ಆಡುವುದು ಹೊಸ ಸಂಗತಿಯೇನಲ್ಲ. ಆನೆ, ಕುದುರೆ, ರಥ, ಕಾಲಾಳುಗಳ ಸೇನೆಯನ್ನು ಮಣೆಯ ಮೇಲೆ ಹೂಡಿ ಚತುರಂಗವನ್ನು ಜಗತ್ತಿಗೆ ಕೊಟ್ಟವರು ನಮ್ಮ ಪೂರ್ವಿಕರೇ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳಿಗೆಂದೇ ಒಂದು ಭಾಗ ಮೀಸಲಾಗಿದೆ. ಶಸ್ತ್ರವಿನೋದ, ಅಂಕವಿನೋದ, ಮಲ್ಲವಿನೋದಗಳ ಜೊತೆಗೆ, ಕುದುರೆಯೇರಿದ ಎರಡು ಪಕ್ಷಗಳು ಚೆಂಡಿಗಾಗಿ ಸೆಣಸುವ ವಾಹ್ಯಾಳಿಯ ವರ್ಣನೆಯೂ ಅಲ್ಲಿ ಬರುತ್ತದೆ. ಡಂಬಳ, ಲಕ್ಕುಂಡಿ, ಲಕ್ಷ್ಮೇಶ್ವರಗಳು ಆ ಅರಸರ ಆಳ್ವಿಕೆಯಲ್ಲಿಯೇ ಇದ್ದವು. ಹೀಗಿರಲು ರಣದ ಆಟವೆಂಬುದು ಮುಂಡರಗಿಯ ಸೀಮೆಗೆ ಪರದೇಶದ ಸರಕೆಂದು ಹೇಳುವಂತಿಲ್ಲ. ಅರಮನೆಯ ಅಂಗಳದಲ್ಲಿದ್ದ ಕಣ ಇಂದು ಅಂಗೈಗೆ ಇಳಿದು ಬಂದಿದೆ, ಅಷ್ಟೆ.

‘ಪಬ್‌ಜಿ’ ಎಂಬ ಹೆಸರನ್ನು ಕೇಳದ ತಾಯಿತಂದೆಗಳು ಇಂದು ವಿರಳ. 2018ರಲ್ಲಿ ಮೊಬೈಲಿಗೆ ಬಂದ ಈ ಆಟದಲ್ಲಿ ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ; ಅಲ್ಲಿಯೇ ಬಂದೂಕು ಮದ್ದುಗಳನ್ನು ಹುಡುಕಿಕೊಂಡು ಕಾದಾಡುತ್ತಾರೆ; ಕೊನೆಯ ತನಕ ಉಳಿದವರೇ ಗೆದ್ದವರು. ಒಂಟಿಯಾಗಿಯೂ ಆಡಬಹುದು, ನಾಲ್ವರ ತಂಡವಾಗಿಯೂ ಆಡಬಹುದು. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರವು ದೇಶದ ಭದ್ರತೆಯ ಕಾರಣದಿಂದ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಇದೂ ಸೇರಿತ್ತು. 2021ರ ಜುಲೈ 2ರಂದು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೊಸ ಹೆಸರಿನಿಂದ ಬಂದಿತು. 2022ರ ಜುಲೈಯಲ್ಲಿ ಮತ್ತೆ ಮರೆಯಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ನಿಷೇಧದ ಮಾತನ್ನು ನಾವು ಬಹಳವಾಗಿ ಆಡಿದ್ದೇವೆ. ಹುಡುಗರು ಅದರಲ್ಲಿ ಏನನ್ನು ಕಂಡು ಮನಸೋತರೆಂಬುದನ್ನು ವಿಚಾರಿಸಿದ್ದು ಕಡಿಮೆ.

ಇದಕ್ಕಿಂತಲೂ ವಾಸ್ತವಕ್ಕೆ ಸಮೀಪವಾದ ಆಟಗಳು ಕಂಪ್ಯೂಟರಿನಲ್ಲಿವೆ. ಕೆನಡಾ ದೇಶದ ಸಂಸ್ಥೆಯೊಂದು 2020ರಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ಸ್ಕ್ವಾಡ್’ ಅಂಥದೊಂದು. ಪಕ್ಷಕ್ಕೆ ಐವತ್ತರಂತೆ ನೂರು ಮಂದಿ. ಐವತ್ತರೊಳಗೆ ಒಂಬತ್ತು ಒಂಬತ್ತು ಜನರ ತುಕಡಿಗಳು. ಪ್ರತಿ ತುಕಡಿಗೆ ಒಬ್ಬ ನಾಯಕ, ಗಾಯಗೊಂಡವರನ್ನು ಎಬ್ಬಿಸಲು ವೈದ್ಯಕೀಯ ಸಿಪಾಯಿ. ಗುರಿಯಿಡಲು ತೆರೆಯ ನಡುವೆ ಗುರುತಿನ ಗೆರೆಗಳಿಲ್ಲ. ತನ್ನವರ ಮೇಲೆ ಹಾರಿಸಿದ ಗುಂಡೂ ತನ್ನವರನ್ನು ಕೊಲ್ಲುತ್ತದೆ. ಶತ್ರುವಿನ ಗುಂಡು ಹತ್ತಿರ ಹಾದರೆ ಕಣ್ಣು ಮಂಜಾದಂತೆ ತೆರೆ ಮಂಜಾಗುತ್ತದೆ. ಇಂಥ ಕಣದಲ್ಲಿ ಒಬ್ಬ ಗುರಿಕಾರನ ಕೈಚಳಕದಿಂದ ಏನೂ ಸಾಗದು. ಮುಖ್ಯವಾದ ಆಯುಧವೆಂದರೆ ಮಾತು. ತುಕಡಿಯವರಿಗೆ ಒಂದು ರೇಡಿಯೋ, ನಾಯಕರು ತಮ್ಮತಮ್ಮಲ್ಲಿ ಮಾತಾಡಲು ಇನ್ನೊಂದು. ಮನೆಯ ರೇಡಿಯೋ ಕೇಳಿಸುವುದೇ ಹೊರತು ಮಾರುತ್ತರವನ್ನು ಒಯ್ಯದು. ಆ ರೇಡಿಯೋ ಎರಡೂ ಕೆಲಸ ಮಾಡುತ್ತದೆ. ಕಂಡದ್ದನ್ನು ನಾಲ್ಕೇ ಮಾತಿನಲ್ಲಿ ಹೇಳುವುದು, ಹೇಳಿದ ಮೇಲೆ ಸುಮ್ಮನಿರುವುದು, ಮುನ್ನುಗ್ಗಬಲ್ಲವನೂ ಹಿಂದಿನವನಿಗಾಗಿ ಕಾಯುವುದು, ಇವೇ ಅಲ್ಲಿಯ ಮುಖ್ಯ ವಿದ್ಯೆಗಳು.

ಮಾತೂ ಕಾಯುವಿಕೆಯೂ ಕಾಳಗದ ಜೀವವೆಂಬುದನ್ನು ಆಟಕ್ಕೆ ತಂದವರಲ್ಲಿ ಪ್ರಷ್ಯಾ ದೇಶದವರು ಹೆಸರಾದವರು. ಅಲ್ಲಿಯ ರೈಸ್ವಿಟ್ಜ್ ಎಂಬವರು 1812ರಲ್ಲಿ ತಮ್ಮ ಅರಸನಿಗೆ ಒಂದು ರಣದಾಟವನ್ನು ತೋರಿಸಿದರು. ಅವರ ಮಗ, ಸೈನ್ಯದ ಅಧಿಕಾರಿ, 1824ರಲ್ಲಿ ಅದನ್ನು ತಿದ್ದಿ ನಿಯಮಗಳನ್ನು ಅಚ್ಚುಹಾಕಿಸಿದನು. ಚತುರಂಗದಲ್ಲಿ ಎರಡೂ ಪಕ್ಷಗಳಿಗೆ ಎಲ್ಲವೂ ಕಾಣುತ್ತದೆ, ಚಲಾಯಿಸಿದ ಕಾಯಿ ಕೂಡಲೇ ನಡೆಯುತ್ತದೆ. ಇಲ್ಲಿ ಹಾಗಲ್ಲ. ಶತ್ರುವಿನ ನೆಲೆ ಕಂಡಷ್ಟೇ ಕಾಣಬೇಕು. ಅಪ್ಪಣೆಯು ಮಧ್ಯಸ್ಥನ ಮೂಲಕ, ದೂತನೊಬ್ಬ ಕುದುರೆಯ ಮೇಲೆ ಹೋಗುವಷ್ಟು ಹೊತ್ತು ತಡೆದು ತಲುಪಬೇಕು. ಇಂದಿನ ವಾಸ್ತವಪ್ರಾಯವಾದ ಆಟಗಳಿಗೆ ಇದೇ ಹಿರಿಯಜ್ಜ.

ಗದುಗಿನ ವೀರನಾರಾಯಣನ ಅಂಕಿತದಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನ ನಾಡಿನವರಿಗೆ ಈ ತತ್ತ್ವ ತಿಳಿಯದ್ದೇನಲ್ಲ. ಅಭಿಮನ್ಯು ಚಕ್ರವ್ಯೂಹದಲ್ಲಿ ಮಡಿದದ್ದು ಪರಾಕ್ರಮ ಸಾಲದೆ ಅಲ್ಲ; ಬೆನ್ನಿಗೆ ಬರಬೇಕಾದ ಭೀಮಾದಿಗಳನ್ನು ಸೈಂಧವನು ಬಾಗಿಲಲ್ಲೇ ತಡೆದ ಕಾರಣ. ಮುಂದಿನವನಿಗೂ ಹಿಂದಿನವನಿಗೂ ನಡುವೆ ಬಿದ್ದ ಬಿರುಕೇ ಆ ಬಾಲಕನನ್ನು ಕೊಂದಿತು.

ಪುರಾಣವನ್ನು ಬಿಟ್ಟು ಇತಿಹಾಸಕ್ಕೆ ಬರೋಣ. ನಮ್ಮೂರಿನ ಹೆಸರನ್ನೇ ಹೊತ್ತ ಮುಂಡರಗಿ ಭೀಮರಾಯನ ಕಥೆ ಇದಕ್ಕೆ ಎಲ್ಲಕ್ಕಿಂತ ಹತ್ತಿರದ ನಿದರ್ಶನ. 1857ರ ದಂಗೆಯ ಕಿಡಿ ಈ ಕಡೆಗೂ ಹಾರಿತ್ತು. ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರ್ಕಾರದ ಕಟ್ಟಳೆಯಿಂದ ಜನ ಕೆರಳಿದ್ದರು; ದತ್ತುಪುತ್ರನ ಹಕ್ಕನ್ನು ನಿರಾಕರಿಸಿದ್ದರಿಂದ ನರಗುಂದದ ಬಾಬಾಸಾಹೇಬನು ನೊಂದಿದ್ದನು. ಭೀಮರಾಯ, ಹಮ್ಮಿಗಿಯ ಕೆಂಚನಗೌಡ, ನರಗುಂದದ ಬಾಬಾಸಾಹೇಬ ಮೊದಲಾದವರು ಗುಟ್ಟಾಗಿ ಕೂಡಿ, ಎಲ್ಲ ಕಡೆಗೂ ಒಮ್ಮೆಗೇ ಏಳಬೇಕೆಂದು ಸಂಕಲ್ಪಿಸಿದ್ದರು. ಹಲವು ಕಡೆ ಒಮ್ಮೆಗೇ ಬೆಂಕಿ ಹೊತ್ತಿದರೆ ಆರಿಸುವವನು ಯಾವ ಕಡೆಗೆ ಓಡಬೇಕು? ಉಪಾಯದ ಬಲವೆಲ್ಲ ಆ ‘ಒಮ್ಮೆಗೇ’ ಎಂಬ ಮಾತಿನಲ್ಲಿತ್ತು.

ಆದರೆ ತುಂಗಭದ್ರೆಯ ದಡದ ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳ ಸುಳಿವು ಸರ್ಕಾರದವರಿಗೆ ಸಿಕ್ಕಿಬಿಟ್ಟಿತು. ಇನ್ನು ಕಾಯುವಂತಿರಲಿಲ್ಲ. 1858ರ ಮೇ ತಿಂಗಳ ಕೊನೆಯ ವಾರದಲ್ಲಿ ಭೀಮರಾಯನು ಎದ್ದು ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ಕೆಂಚನಗೌಡನೊಡನೆ ನಿಜಾಮನ ಸೀಮೆಯ ಕೊಪ್ಪಳದ ಕೋಟೆಯನ್ನು ಹಿಡಿದನು. ಅತ್ತ ಮೇ 29ರ ರಾತ್ರಿ ನರಗುಂದದವರು ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದರು. ಎರಡು ಕಡೆಯೂ ಸಾಹಸಕ್ಕೆ ಕೊರತೆಯಿರಲಿಲ್ಲ. ಆದರೆ ಒಬ್ಬರ ನೆರವಿಗೆ ಒಬ್ಬರು ಒದಗುವಂತಿರಲಿಲ್ಲ. ಜೂನ್ 1ರಂದು ಮೇಜರ್ ಹ್ಯೂಸನ ಪಡೆ ಕೊಪ್ಪಳದ ಕೋಟೆಯನ್ನು ನುಗ್ಗಿ ಹಿಡಿಯಿತು. ಭೀಮರಾಯನೂ ಕೆಂಚನಗೌಡನೂ ಹೋರಾಡಿ ಮಡಿದರು. ಅದೇ ದಿನಗಳಲ್ಲಿ ನರಗುಂದವೂ ಬಿದ್ದಿತು. ಬಾಬಾಸಾಹೇಬನನ್ನು ಹಿಡಿದು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಎಲ್ಲ ಕಡೆಗೂ ಒಮ್ಮೆಗೇ ಎಂದು ಹೂಡಿದ ಉಪಾಯವು ಬಿಡಿಬಿಡಿಯಾಗಿ ಎದ್ದು, ಬಿಡಿಬಿಡಿಯಾಗಿಯೇ ಅಡಗಿತು. ‘ಕಾಯಿರಿ’, ‘ಈಗ ಬನ್ನಿರಿ’ ಎಂಬೆರಡು ಮಾತುಗಳನ್ನು ಹಮ್ಮಿಗಿಯಿಂದ ನರಗುಂದಕ್ಕೆ ಒಂದು ಗಳಿಗೆಯಲ್ಲಿ ಮುಟ್ಟಿಸುವ ಸಾಧನ ಆ ವೀರರ ಕೈಯಲ್ಲಿರಲಿಲ್ಲ. ಇಂದು ಒಂಬತ್ತು ಹುಡುಗರು ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ಆಡುವುದು ಆ ಎರಡು ಮಾತುಗಳನ್ನೇ.

ಇನ್ನು ತನ್ಮಯತೆಯ ವಿಚಾರ. ನಮ್ಮ ಕಡೆಯ ದೊಡ್ಡಾಟವನ್ನು ನೆನೆಯಿರಿ. ಮದ್ದಲೆಯ ಪೆಟ್ಟಿಗೆ ವೀರರು ಕುಣಿದು ರಂಗಕ್ಕೆ ಬಂದರೆಂದರೆ ಇರುಳೆಲ್ಲ ಊರು ರೆಪ್ಪೆ ಬಡಿಯದೆ ಕುಳಿತಿರುತ್ತದೆ. ಆದರೂ ರಂಗದಲ್ಲಿ ಸತ್ತ ವೀರನು ಬೆಳಗಾದೊಡನೆ ಬಣ್ಣ ತೊಳೆದು ಹೊಲಕ್ಕೆ ಹೋಗುವನೆಂಬುದನ್ನು ಯಾರೂ ಮರೆಯುವುದಿಲ್ಲ. ವೀರರಸಕ್ಕೆ ಸ್ಥಾಯಿಯು ಉತ್ಸಾಹ. ಸಹೃದಯನು ಅದನ್ನು ಸವಿಯುವುದು ಒಂದು ಅಂತರದಲ್ಲಿ ನಿಂತು. ಹೊಸ ಆಟದಲ್ಲಿ ಪಾತ್ರಧಾರಿಯೂ ಅವನೇ, ಪ್ರೇಕ್ಷಕನೂ ಅವನೇ. ಆ ಅಂತರ ಬಹು ತೆಳುವಾದದ್ದು. ಆಡದವರ ಕಣ್ಣನ್ನೂ ಇದು ವಂಚಿಸಬಲ್ಲುದು: ‘ಆರ್ಮಾ 3’ ಎಂಬ ರಣದಾಟದ ದೃಶ್ಯವನ್ನು 2021ರಲ್ಲಿ ನಮ್ಮ ದೇಶದ ಕೆಲವು ಸುದ್ದಿ ವಾಹಿನಿಗಳು ಅಫಘಾನಿಸ್ತಾನದ ಪಂಜಶೀರದಲ್ಲಿ ನಡೆದ ನಿಜವಾದ ದಾಳಿಯೆಂದು ತೋರಿಸಿದವು.

ದೊಡ್ಡಾಟಕ್ಕೆ ಮಂಗಳವುಂಟು. ಮಂಗಳ ಹಾಡಿದ ಮೇಲೆ ಆಟ ಮುಗಿಯಿತು, ಎಲ್ಲರೂ ಮನೆಗೆ. ಈ ಆಟಕ್ಕೆ ಮಂಗಳವೆಂಬುದಿಲ್ಲ. ಒಂದು ಸುತ್ತು ಮುಗಿಯುವ ಮುನ್ನವೇ ಮುಂದಿನ ಸುತ್ತು ಕರೆಯುತ್ತದೆ. ತಾನು ಎದ್ದು ಹೋದರೆ ಜೊತೆಗಾರರು ಸೋಲುವರೆಂಬ ದಾಕ್ಷಿಣ್ಯವೂ ಕಟ್ಟಿಹಾಕುತ್ತದೆ. ಕೂಟದ ಗುಣವೇ ಇಲ್ಲಿ ಕೂಟದ ಬಂಧನವಾಗುವುದು ವಿಚಿತ್ರವಾದರೂ ನಿಜ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಯಂತ್ರಗಳ ಗೀಳಿಗೆ ಸಿಕ್ಕಿದವರಿಗಾಗಿ 2014ರಲ್ಲಿಯೇ ‘ಷಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಆಟದ ಗೀಳನ್ನು ಕಾಯಿಲೆಯೆಂದು ಎಣಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿತು. ಮರಳಿ ಬಂದ ಮೊಬೈಲ್ ಆಟವೂ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯನ್ನು ಹಾಕಿತು. ಶಾಲೆಯ ಹುಡುಗನಿಗೆ ಮೂರು ಗಂಟೆಯೂ ಹೆಚ್ಚೇ ಎಂಬುದು ಬೋಧಕನಾದ ನನ್ನ ಅಭಿಪ್ರಾಯ. ಆ ಮಂಗಳವನ್ನು ಮನೆಯವರೇ ಹಾಡಬೇಕು; ಬೈದು ಕಸಿದುಕೊಂಡಲ್ಲ, ಆ ಸುತ್ತು ಮುಗಿಯುವ ತನಕ ಕಾದು, ‘ಯಾರು ಯಾರು ಕೂಡಿದ್ದಿರಿ, ಎಲ್ಲಿ ತಪ್ಪಿತು’ ಎಂದು ವಿಚಾರಿಸಿ.

ಹಾಗೆ ವಿಚಾರಿಸುವ ಹಿರಿಯರು ಒಂದು ದಿನ ಮಗನನ್ನು ಕೊಪ್ಪಳದ ಕೋಟೆಗೆ ಕರೆದೊಯ್ದು ತೋರಿಸಲಿ. ಒಂಬತ್ತು ಜನ ಒಂದು ಮಾತಿಗೆ ನಡೆಯುವುದು ಎಷ್ಟು ಕಠಿನವೆಂಬುದು ಆಟದಿಂದಲೇ ಅವನಿಗೆ ತಿಳಿದಿದೆ. ಭೀಮರಾಯನ ಉಪಾಯ ಎಲ್ಲಿ ಮುರಿಯಿತೆಂಬುದನ್ನು ಅವನು ನಮಗಿಂತ ಬೇಗ ಗ್ರಹಿಸಿಯಾನು. ಆಟದಲ್ಲಿ ಬಿದ್ದವನು ಅರೆಗಳಿಗೆಯಲ್ಲಿ ಏಳುತ್ತಾನೆ. 1858ರ ಜೂನ್ 1ರಂದು ಆ ಕೋಟೆಯಲ್ಲಿ ಬಿದ್ದವರು ಏಳಲಿಲ್ಲ. ಇವೆರಡನ್ನೂ ಒಟ್ಟಿಗೆ ನೆನಪಿಡಬಲ್ಲ ಹುಡುಗನಿಗೆ ಆಟದಿಂದ ಕೇಡಿಲ್ಲ.