ಡಿ.ವಿ.ಜಿ.: ಸಂಪಾದಕನ ಮೇಜಿನಿಂದ ಬೆಳೆದ ಸಾಹಿತ್ಯ

ಕನ್ನಡ ಓದುಗರ ನೆನಪಿನಲ್ಲಿ ಡಿ. ವಿ. ಗುಂಡಪ್ಪನವರು (1887–1975) ಮೊದಲಿಗೆ ‘ಮಂಕುತಿಮ್ಮನ ಕಗ್ಗ’ದ ಕವಿ, ಆದರೆ ಆ ಕೃತಿ ಅಚ್ಚಾದ 1943ರ ಹೊತ್ತಿಗೆ ಅವರಿಗೆ ಐವತ್ತೈದು ದಾಟಿತ್ತು, ಅದಕ್ಕೆ ಹಿಂದಿನ ಮೂರು ದಶಕಗಳಿಗೂ ಮಿಕ್ಕ ಕಾಲ ಅವರ ಲೇಖನಿಗೆ ಮುಖ್ಯ ವಸ್ತುವಾಗಿದ್ದದ್ದು ಸಂಸ್ಥಾನದ ಆಡಳಿತ, ಕಾನೂನು ಮತ್ತು ಜನಪ್ರಾತಿನಿಧ್ಯ. ಮುಳಬಾಗಿಲಿನಲ್ಲಿ ಹುಟ್ಟಿ, ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಾಗದೆ, ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿಯೂ ದುಡಿದು, ಅನಂತರ ಬೆಂಗಳೂರಿನ ಪತ್ರಿಕಾಲಯಗಳನ್ನು ಸೇರಿದ ಈ ಯುವಕನಿಗೆ ರಾಜ್ಯಶಾಸ್ತ್ರದ ಪಾಠ ದೊರೆತದ್ದು ಕಾಲೇಜಿನಲ್ಲಲ್ಲ, ಸಂಪಾದಕನ ಮೇಜಿನಲ್ಲಿ.

ಆ ಮೇಜು ನಿರ್ಭಯವಾದುದಾಗಿರಲಿಲ್ಲ. ಮೈಸೂರು ಸರ್ಕಾರ 1908ರಲ್ಲಿ ಜಾರಿಗೆ ತಂದ ವೃತ್ತಪತ್ರಿಕಾ ರೆಗ್ಯುಲೇಷನ್ (ರೆಗ್ಯುಲೇಷನ್ ಎಂದರೆ ಸಂಸ್ಥಾನದ ಶಾಸನ) ಸರ್ಕಾರದ ಅನುಮತಿಯಿಲ್ಲದೆ ಯಾರೂ ಪತ್ರಿಕೆ ಹೊರಡಿಸಬಾರದೆಂದೂ, ಕೊಟ್ಟ ಅನುಮತಿಯನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದೆಂದೂ ವಿಧಿಸಿತ್ತು. ಅದೇ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಅಧಿಕಾರಕ್ಕೆ ಒಳಪಟ್ಟಿದ್ದುದರಿಂದ ಅಲ್ಲಿಗೆ ಈ ಶಾಸನ ಅನ್ವಯಿಸುತ್ತಿರಲಿಲ್ಲ. ಪೇಟೆಯ ಪತ್ರಿಕೆಗೊಂದು ನ್ಯಾಯ, ಗಾವುದ ದೂರವೂ ಇಲ್ಲದ ದಂಡಿನ ಪತ್ರಿಕೆಗೊಂದು ನ್ಯಾಯ ಎಂಬಂತಿತ್ತು ಪರಿಸ್ಥಿತಿ. ಸಂಸ್ಥಾನದ ಪತ್ರಕರ್ತನು ಎದುರಿಸಬೇಕಾದ ಅಧಿಕಾರ ಒಂದಲ್ಲ ಎರಡು, ದಿವಾನರದು ಮತ್ತು ಅವರ ಮೇಲಿದ್ದ ಸಾರ್ವಭೌಮ ಸತ್ತೆಯದು, ಎಂಬ ತಿಳಿವಳಿಕೆ ಡಿ.ವಿ.ಜಿ.ಯವರ ಮುಂದಿನ ರಾಜಕೀಯ ಬರವಣಿಗೆಗೆಲ್ಲ ತಳಹದಿಯಾಯಿತು.

ಅವರು 1913ರಲ್ಲಿ ಆರಂಭಿಸಿದ ‘ಕರ್ನಾಟಕ’ ವಾರಕ್ಕೆ ಎರಡು ಬಾರಿ ಹೊರಡುತ್ತಿದ್ದ ಇಂಗ್ಲಿಷ್ ಪತ್ರಿಕೆ. ಹೆಸರು ಕನ್ನಡನಾಡಿನದು, ಭಾಷೆ ಇಂಗ್ಲಿಷ್ ಎಂಬುದು ಇಂದು ವಿಚಿತ್ರವಾಗಿ ಕಾಣಬಹುದಾದರೂ, ಕಡತಗಳನ್ನು ಬರೆಯುವ ಅಧಿಕಾರಿಗೂ ರೆಸಿಡೆನ್ಸಿಗೂ ಮಾತು ಮುಟ್ಟಬೇಕಾದರೆ ಅಂದು ಬೇರೆ ದಾರಿ ಕಡಿಮೆಯಿತ್ತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಬಹುಭಾಗವನ್ನು ಕಂಡ ಈ ಪತ್ರಿಕೆ 1921ರಲ್ಲಿ ನಿಂತಿತು. ಪತ್ರಿಕೆಯ ಆಯುಸ್ಸು ಚಿಕ್ಕದು. ಅದು ಕಲಿಸಿದ ಅಭ್ಯಾಸ ಮಾತ್ರ ದೀರ್ಘಾಯು. ಒಂದು ಆಜ್ಞೆಯ ಹಿಂದಿರುವ ತತ್ತ್ವವೇನು, ಅದರ ಹೊರೆ ಯಾರ ಮೇಲೆ ಬೀಳುತ್ತದೆ, ಪ್ರಜೆಗೆ ಅದರಲ್ಲಿ ಹೇಳಿಕೆಯುಂಟೇ ಎಂದು ಕೇಳುವ ಅಭ್ಯಾಸವದು.

ಈ ಮೂರನೆಯ ಪ್ರಶ್ನೆಯೇ ಅವರನ್ನು ಹೆಚ್ಚು ಕಾಡಿದ್ದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆ ಅಹವಾಲು ಹೇಳಿಕೊಳ್ಳುವ ವೇದಿಕೆಯೇ ಹೊರತು ಸರ್ಕಾರವನ್ನು ಕಟ್ಟಿಹಾಕಬಲ್ಲ ಸಂಸ್ಥೆಯಾಗಿರಲಿಲ್ಲ. 1907ರಲ್ಲಿ ಬಂದ ನ್ಯಾಯವಿಧಾಯಕ ಸಭೆ, ಅಂದರೆ ಶಾಸನಗಳನ್ನು ಚರ್ಚಿಸುವ ಚಿಕ್ಕ ಸಭೆ, 1923ರ ಸುಧಾರಣೆಯ ಬಳಿಕವಷ್ಟೇ ತಕ್ಕಮಟ್ಟಿಗೆ ವಿಸ್ತಾರಗೊಂಡಿತು. ರಂಗಾಚಾರ್ಲು ಅವರ ಜೀವನವನ್ನು ಕುರಿತು ಎಳೆಯ ವಯಸ್ಸಿನಲ್ಲಿಯೇ ಪುಸ್ತಕ ಬರೆದಿದ್ದ ಡಿ.ವಿ.ಜಿ. 1926ರಲ್ಲಿ ಈ ಎರಡನೆಯ ಸಭೆಯ ಸದಸ್ಯರಾದರು. ದೇಶೀಯ ಸಂಸ್ಥಾನಗಳಿಗೂ ಬ್ರಿಟಿಷ್ ಸರ್ಕಾರಕ್ಕೂ ಇದ್ದ ಸಂಬಂಧವನ್ನು ಪರಿಶೀಲಿಸಲು 1927ರಲ್ಲಿ ಬಟ್ಲರ್ ಸಮಿತಿ ನೇಮಕವಾದಾಗ ಆ ವಾದವಿವಾದದಲ್ಲಿ ರಾಜರ ಹಕ್ಕುಗಳೇ ಮುಂದಾಗಿದ್ದವು. ಸಂಸ್ಥಾನದ ಪ್ರಜೆಗಳಿಗೂ ಭಾರತದ ಭಾವಿ ರಾಜ್ಯಾಂಗದಲ್ಲಿ ಸ್ಥಾನವಿರಬೇಕೆಂಬುದು ಡಿ.ವಿ.ಜಿ.ಯವರ ಪಕ್ಷ.

ಬಾಗಲಕೋಟೆಯಲ್ಲಿ 1928ರಲ್ಲಿ ನಡೆದ ಪತ್ರಕರ್ತರ ಸಮ್ಮೇಳನಕ್ಕೂ 1932ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. ಒಂದೇ ಕೈ ಮ್ಯಾಕ್‌ಬೆತ್ ನಾಟಕವನ್ನೂ ಉಮರ್ ಖಯ್ಯಾಮನನ್ನೂ ಕನ್ನಡಿಸಿತು, ‘ರಾಜ್ಯಶಾಸ್ತ್ರ’ವನ್ನೂ ಬರೆಯಿತು. ಇದನ್ನು ಬಹುಮುಖ ಪ್ರತಿಭೆಯೆಂದು ಹೊಗಳಿ ಮುಗಿಸುವುದು ವಾಡಿಕೆ. ಆದರೆ ಈ ಕೃತಿಗಳ ನಡುವೆ ಗೋಡೆಗಳಿಲ್ಲ. ಆಡಳಿತದ ಜಟಿಲ ವಿಷಯವನ್ನು ಶಾಲೆ ಬಿಟ್ಟವನಿಗೂ ಎಟುಕುವಂತೆ ಬಿಡಿಸಿ ಹೇಳಬೇಕಾದ ಪತ್ರಕರ್ತನ ಶ್ರಮವೇ ಕನ್ನಡದಲ್ಲಿ ರಾಜ್ಯಾಂಗದ ಪರಿಭಾಷೆಯನ್ನು ಹದಗೊಳಿಸಿತು. ‘ಜ್ಞಾಪಕ ಚಿತ್ರಶಾಲೆ’ಯ ‘ಮೈಸೂರಿನ ದಿವಾನರು’ ಸಂಪುಟವಂತೂ ಕವಿಗಿಂತ ಹೆಚ್ಚಾಗಿ ವರದಿಗಾರನ ಕಣ್ಣಿಗೆ ಋಣಿ: ದೊಡ್ಡವರ ಮಾತಿನ ಧಾಟಿ, ಮುನಿಸು, ಔದಾರ್ಯಗಳೆಲ್ಲ ಅಲ್ಲಿ ರಾಜಕೀಯದ ದಾಖಲೆಯಾಗಿಯೇ ಬರುತ್ತವೆ.

1945ರಲ್ಲಿ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಪತ್ರಿಕೆಯ ಕೆಲಸವನ್ನೇ ಬೇರೆ ರೂಪದಲ್ಲಿ ಮುಂದುವರಿಸಿತು. ಅಲ್ಲಿ ಗೀತೆಯ ಉಪನ್ಯಾಸವೂ ನಡೆಯಿತು, ಪ್ರಜಾಪ್ರಭುತ್ವದ ಚರ್ಚೆಯೂ ನಡೆಯಿತು. ಎಪ್ಪತ್ತು ದಾಟಿದ ಮೇಲೂ ಸ್ಥಾಪಕರು ಎರಡನ್ನೂ ಒಂದೇ ಸಲುಗೆಯಿಂದ ನಡೆಸಿಕೊಂಡು ಬಂದರು. 1970ರಲ್ಲಿ ನಾಡಿನವರು ಸನ್ಮಾನಿಸಿ ಒಪ್ಪಿಸಿದ ನಿಧಿಯನ್ನೂ ಅವರು ಆ ಸಂಸ್ಥೆಗೇ ಬಿಟ್ಟುಕೊಟ್ಟರು.